ಏನಂತೈತ್ರಿ ಕಲ್ಲು?

ಮೊದಲ ಸಲ ನೋಡಿದಾಗ ಅವರು ಒಂದು ಬಂಡೆಗಲ್ಲಿಗೆ ಬ್ರಷ್ಷಿನಿಂದ ಹೊಡೆಯುತ್ತಿದ್ದರು. ಬಾದಾಮಿಯ ಕೆಂಪು ಗುಡ್ಡದ ಬುಡದಲ್ಲಿ, ನೆತ್ತಿ ಸುಡುವ ಬಿಸಿಲಿನಲ್ಲಿ, ತಲೆಗೆ ಟವಲು ಸುತ್ತಿಕೊಂಡು ಕುಕ್ಕರಗಾಲಿನಲ್ಲಿ ಕೂತಿದ್ದರು. ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿತ್ತು. ಅದರ ಮೇಲೆ ಗಡುಸು ಕೂದಲಿನ ಬ್ರಷ್ಷು ಒಂದೇ ಲಯದಲ್ಲಿ ಬೀಳುತ್ತಿತ್ತು. ಕಾಗದ ಇನ್ನೇನು ಹರಿಯಿತು ಎಂದು ನನಗೆ ಭಯ. ಅವರು ಮಾತ್ರ ತಿರುಗಿಯೂ ನೋಡದೆ, ಬಿಸಿಲಿಗೆ ನಿಲ್ಲಬೇಡಿ, ಆ ಬೇವಿನ ನೆರಳಿಗೆ ಹೋಗಿ, ಇದಕ್ಕಿನ್ನೂ ಅರ್ಧ ತಾಸು ಬೇಕು ಎಂದರು.

ಆಗಷ್ಟೇ ನಾನು ಇತಿಹಾಸದಲ್ಲಿ ಎಂ.ಎ. ಮುಗಿಸಿದ್ದೆ. ಊರೂರಿನ ಗುಡಿ, ಮೂರ್ತಿ, ಶಾಸನಗಳನ್ನೆಲ್ಲ ಪಟ್ಟಿ ಮಾಡುವ ಸರ್ವೇಕ್ಷಣೆಯೊಂದನ್ನು ಸರ್ಕಾರ ಕೈಗೊಂಡಿತ್ತು. ಹಳೆಯ ಲಿಪಿ ಅಷ್ಟಿಷ್ಟು ಓದಲು ಬರುತ್ತದೆಂದು ನನ್ನನ್ನು ಗುತ್ತಿಗೆಯ ಮೇಲೆ ತೆಗೆದುಕೊಂಡಿದ್ದರು. ಅವರು ಪುರಾತತ್ವ ಇಲಾಖೆಯಲ್ಲಿ ಶಾಸನಗಳ ಪಡಿಯಚ್ಚು ತೆಗೆಯುವವರು. ಅಂದರೆ ಕಲ್ಲನ್ನು ತೊಳೆದು, ಅದರ ಮೇಲೆ ಒದ್ದೆ ಕಾಗದ ಹಾಸಿ, ಅಕ್ಷರದ ಗುಳಿಯೊಳಗೆ ಕಾಗದ ಇಳಿಯುವವರೆಗೆ ಬಡಿಯಬೇಕು. ಕಾಗದ ಅರೆ ಒಣಗಿದಾಗ ಬಟ್ಟೆಯ ಉಂಡೆಯಿಂದ ಮಸಿ ಒತ್ತಬೇಕು. ಕಾಗದದ ಮೈ ಕಪ್ಪಾಗುತ್ತದೆ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಒಣಗಿದ ಮೇಲೆ ಸುರುಳಿ ಸುತ್ತಿ ಮೇಲಿನ ಕಚೇರಿಗೆ ಕಳಿಸುವುದು. ಅಲ್ಲಿ ಪಂಡಿತರು ಓದುತ್ತಾರೆ. ಎಷ್ಟೋ ವರ್ಷಕ್ಕೆ ಅದು ದಪ್ಪ ಸಂಪುಟವಾಗಿ ಬರುತ್ತದೆ.

ಅವರು ಇಳಕಲ್ಲಿನ ನೇಕಾರರ ಮನೆಯವರು. ಓದಿದ್ದು ಏಳನೆಯ ತರಗತಿಯವರೆಗೆ. ಮನೆಯಲ್ಲಿ ಮಗ್ಗ ನಿಂತ ಮೇಲೆ ಬಾದಾಮಿಗೆ ದಿನಗೂಲಿಗೆ ಬಂದವರು, ಮೊದಲು ಗುಡಿಗಳ ಸುತ್ತ ಮುಳ್ಳು ಕಡಿದರು, ಆಮೇಲೆ ಪಡಿಯಚ್ಚಿನ ಹಿರಿಯರೊಬ್ಬರಿಗೆ ನೀರು ಹೊತ್ತರು, ಆ ಹಿರಿಯರು ನಿವೃತ್ತರಾದಾಗ ಬ್ರಷ್ಷು ಇವರ ಕೈಗೆ ಬಂತು. ನಾನು ಕಂಡಾಗ ವಯಸ್ಸು ಐವತ್ತು ದಾಟಿತ್ತು. ಬೆರಳಿನ ಗೆರೆಗಳಲ್ಲಿ ಕೂತ ಮಸಿ ತೊಳೆದರೂ ಹೋಗುವಂತಿರಲಿಲ್ಲ. ಊಟಕ್ಕೆ ಕೂತಾಗ ರೊಟ್ಟಿಯ ಮೇಲೆ ಹೆಬ್ಬೆರಳಿನ ಗುರುತು ಮೂಡದಿರಲೆಂದು ರೊಟ್ಟಿಯನ್ನು ಅಂಗೈ ಮೇಲೆ ಇಟ್ಟುಕೊಂಡು ಮುರಿಯುತ್ತಿದ್ದರು.

ಊರು ಹೊಕ್ಕಾಗ ನಾವೆಲ್ಲ ಮೊದಲು ಗೌಡರನ್ನೋ ಮಾಸ್ತರರನ್ನೋ ಹುಡುಕುತ್ತಿದ್ದೆವು. ಅವರು ಹೆಂಗಸರು ಬಟ್ಟೆ ಒಗೆಯುವ ಕಡೆ ಹೋಗುತ್ತಿದ್ದರು. ಗಂಡಸರನ್ನು ಕೇಳಿದರೆ ಸೀದಾ ಊರ ದೊಡ್ಡ ಗುಡಿ ತೋರಿಸುತ್ತಾರೆ, ಕಲ್ಲಿನ ಸುದ್ದಿ ಗೊತ್ತಿರುವುದು ಕಲ್ಲಿನ ಜೊತೆ ದಿನಾ ಕೆಲಸ ಇರುವವರಿಗೆ ಎಂಬುದು ಅವರ ಲೆಕ್ಕಾಚಾರ. ಶಿವಯೋಗ ಮಂದಿರದ ಹತ್ತಿರದ ಒಂದು ಊರಿನಲ್ಲಿ, ಮಲಪ್ರಭೆಯ ದಂಡೆಯಲ್ಲಿ, ಅವರ ಈ ಪ್ರಯೋಗ ನಾನೇ ನೋಡಿದೆ. ನೀರಿನಲ್ಲಿ ನಿಂತಿದ್ದ ಒಬ್ಬ ಹೆಂಗಸು ಸ್ವಲ್ಪ ಯೋಚಿಸಿ, ಅಗೋ ಆ ಕಲ್ಲಿಗೆ ಸೀರೆಯ ಎಳೆ ಸಿಗುತ್ತದೆ, ಅದಕ್ಕೇ ಅದರ ಮೇಲೆ ನಾವು ಹಾಸಿಗೆಯ ಕೌದಿ ಅಷ್ಟೇ ಒಗೆಯುತ್ತೇವೆ ಎಂದಳು. ಪಾಚಿ ಉಜ್ಜಿ ನೋಡಿದರೆ ಏಳು ಸಾಲಿನ ಬರಹ.

ಆ ದಿನ ಹೊಳೆಯ ದಂಡೆಯಲ್ಲಿ ಕಾಗದ ಕಿತ್ತು ನೆರಳಿನಲ್ಲಿ ಹಾಸಿದ ಮೇಲೆ ಅವರು ನನ್ನ ಎದುರು ಕೂತರು. ಟವಲಿನಿಂದ ಕೈ ಒರೆಸಿಕೊಂಡು, ಸ್ವಲ್ಪ ಸಂಕೋಚದಿಂದ ಕೇಳಿದರು.

"ಮೇಡಂ, ಏನಂತೈತ್ರಿ ಕಲ್ಲು?"

ನನಗೆ ಆಶ್ಚರ್ಯವಾಯಿತು. ಇಷ್ಟು ವರ್ಷ ಪಡಿಯಚ್ಚು ತೆಗೆದವರಿಗೆ ಅದರಲ್ಲೇನಿದೆ ಎಂದು ಯಾರೂ ಹೇಳಿರಲಿಲ್ಲವಂತೆ. ಸುರುಳಿ ಹೋಗುತ್ತದೆ, ಬರುವುದಿಲ್ಲ. ಸಂಪುಟ ಅಚ್ಚಾಗಿ ಬಂದರೆ ಕಚೇರಿಯ ಗಾಜಿನ ಕಪಾಟು ಸೇರುತ್ತದೆ, ಕೀಲಿ ಸಾಹೇಬರ ಹತ್ತಿರ. ಒಮ್ಮೆ ಹಿಂದಿನ ಸಾಹೇಬರೊಬ್ಬರನ್ನು ಕೇಳಿದ್ದರಂತೆ. ನಿನಗ್ಯಾಕೆ ಅದು ಎಂದಿದ್ದರು. ಅಂಚೆಯವನು ಪತ್ರ ಓದುತ್ತಾನೇನು ಎಂದೂ ಅಂದಿದ್ದರು.

ನಾನು ಓದಿ ಹೇಳಿದೆ. ಯಾರೋ ಕೆರೆ ಕಟ್ಟಿಸಿದ್ದು, ಅದರ ಹೂಳೆತ್ತುವವರಿಗೆ ಇಷ್ಟು ಭೂಮಿ ಬಿಟ್ಟಿದ್ದು. ಅವರು ಕೇಳಿಸಿಕೊಂಡರು, ಎದ್ದರು, ನೇರ ನೀರಿನಲ್ಲಿದ್ದ ಹೆಂಗಸರ ಬಳಿಗೆ ಹೋಗಿ ಅದನ್ನೇ ಹೇಳಿದರು. ನಿಮ್ಮ ಕಲ್ಲು ಕೆರೆಯ ಮಾತು ಹೇಳುತ್ತಿದೆ, ಇನ್ನು ಮೇಲೆ ಕೌದಿಯನ್ನೂ ಬೇರೆ ಕಡೆ ಒಗೆಯಿರಿ. ಹೆಂಗಸರು ನಕ್ಕರು. ಕೌದಿ ಎತ್ತಿಕೊಂಡು ಬೇರೆ ಕಲ್ಲಿಗೆ ಹೋದರು.

ಅಂದಿನಿಂದ ಅದೇ ರೂಢಿಯಾಯಿತು. ಪಡಿಯಚ್ಚು ಒಣಗುವಷ್ಟರಲ್ಲಿ ನಾನು ಓದುವುದು, ಅವರು ಊರಿಗೆ ಹೇಳುವುದು. ಆದರೆ ಇಲಾಖೆಯಲ್ಲಿ ಇದಕ್ಕೊಂದು ನಿಯಮವಿತ್ತು. ಪಂಡಿತರು ಓದಿ ಖಾತ್ರಿ ಮಾಡುವವರೆಗೆ ಶಾಸನದ ವಿಷಯ ಸ್ಥಳದಲ್ಲಿ ಯಾರಿಗೂ ಹೇಳಕೂಡದು. ನಿಯಮ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಒಮ್ಮೆ ಬಸ್ಸಿನಲ್ಲಿ ಇದನ್ನು ನೆನಪಿಸಿದೆ. ಹುನಗುಂದದ ಕಡೆಗೆ ಹೋಗುವ ಬಸ್ಸು, ಇಬ್ಬರಿಗೂ ಸೀಟು ಸಿಕ್ಕಿರಲಿಲ್ಲ, ಅವರ ಕಂಕುಳಲ್ಲಿ ಕಾಗದದ ಸುರುಳಿ.

"ಊರಿನ ಕಲ್ಲಿನ ಮಾತು ಊರಿಗೆ ಹೇಳದ ಹ್ಯಾಂಗ ಬರೂದು ತಂಗಿ," ಎಂದರು. ಅದೇ ಮೊದಲ ಸಲ ಅವರು ನನ್ನನ್ನು ಮೇಡಂ ಎನ್ನದೆ ಇದ್ದದ್ದು. "ಹೆಣ್ಣು ನೋಡಾಕ ಹೋಗಿ, ಉಪ್ಪಿಟ್ಟು ತಿಂದು, ಏನೂ ಹೇಳದ ಎದ್ದು ಬಂದಂಗ ಆಗತೈತಿ."

ನಾನು ನಕ್ಕೆ. ನಿಯಮಕ್ಕೆ ಒಂದು ಕಾರಣ ಇದ್ದೇ ಇರುತ್ತದೆ ಎಂದು ನಮಗಿಬ್ಬರಿಗೂ ಹೊಳೆಯಲಿಲ್ಲ.

ಅದು ಹೊಳೆದದ್ದು ಹುನಗುಂದ ತಾಲೂಕಿನ ಒಂದು ಸಣ್ಣ ಊರಿನಲ್ಲಿ. ಊರ ಹೊರಗೆ ಪಾಳು ಗುಡಿ, ಅದರ ಎದುರು ಆಳೆತ್ತರದ ಕಲ್ಲು. ಬಹಳ ಚೆಂದದ ಅಕ್ಷರ, ಒಂದೂ ಸವೆದಿರಲಿಲ್ಲ. ದೇವರ ದೀಪ ಆರದಿರಲೆಂದು ಒಬ್ಬ ವ್ಯಾಪಾರಿ ಐದು ಗದ್ಯಾಣ ಹೊನ್ನು ಕೊಟ್ಟಿದ್ದ. ಆ ಹೊನ್ನಿನ ಬಡ್ಡಿಯಿಂದ ಗಾಣದವರು ದಿನಾ ಎಣ್ಣೆ ಕೊಡಬೇಕೆಂದು ಬರೆಸಿದ್ದ. ನಾನು ಓದಿದೆ. ಸಂಜೆ ಕಟ್ಟೆಯ ಮೇಲೆ ಕೂತಿದ್ದವರಿಗೆ ಅವರು ಹೇಳಿದರು. ನಿಮ್ಮೂರಲ್ಲಿ ಹೊನ್ನು ಕೊಟ್ಟು ದೀಪ ಹಚ್ಚಿಸಿದವರು ಇದ್ದರು ಎಂದು ಹೇಳುವಾಗ ಅವರ ದನಿಯಲ್ಲಿ ತಮ್ಮ ಮನೆಯವರನ್ನೇ ಹೊಗಳುವ ಹಿಗ್ಗಿತ್ತು.

ಹದಿನೈದು ದಿನ ಕಳೆದಿರಲಿಲ್ಲ. ಆ ಊರಿನ ಶಾಲೆಯ ಮಾಸ್ತರರು ಫೋನು ಮಾಡಿದರು. ಹೋಗಿ ನೋಡಿದರೆ ಗುಡಿಯ ಎದುರು ಸೊಂಟದ ಆಳದ ಗುಂಡಿ. ಕಲ್ಲು ಕೆಳಗುರುಳಿ ಎರಡು ತುಂಡಾಗಿ ಬಿದ್ದಿತ್ತು. ಯಾರು ಅಗೆದರೋ ತಿಳಿಯಲಿಲ್ಲ. ದೀಪ, ಎಣ್ಣೆ, ಗಾಣ ಎಲ್ಲ ಬಿಟ್ಟು ಹೊನ್ನು ಎಂಬ ಒಂದು ಮಾತು ಮಾತ್ರ ಯಾರದೋ ಕಿವಿಯಲ್ಲಿ ಉಳಿದಿತ್ತು. ಅವರು ಗುಂಡಿಯ ಅಂಚಿನಲ್ಲಿ ತುಂಬ ಹೊತ್ತು ಕೂತರು. ಆಮೇಲೆ ನೀರು ತಂದು ಎರಡೂ ತುಂಡುಗಳನ್ನು ತೊಳೆದು ಬೇರೆ ಬೇರೆ ಪಡಿಯಚ್ಚು ತೆಗೆದರು. ಇಳಕಲ್ ಸೀರೆಯಲ್ಲಿ ಒಡಲು ಬೇರೆ, ಸೆರಗು ಬೇರೆ. ಎರಡರ ಎಳೆಗಳನ್ನು ಒಂದರೊಳಗೊಂದು ಸಿಕ್ಕಿಸಿ ಕೂಡಿಸುವುದಕ್ಕೆ ಕೊಂಡಿ ಎನ್ನುತ್ತಾರೆ. ಎರಡೂ ಕಾಗದಗಳ ಅಂಚಿಗೆ ಅಂಚು ಹಚ್ಚಿ ಅವರು ನೋಡಿದರು. ನಡುವಿನ ಒಂದೂವರೆ ಸಾಲು ಇರಲಿಲ್ಲ. ಅದು ಪುಡಿಯಾಗಿ ಗುಂಡಿಯ ಮಣ್ಣಿನಲ್ಲಿ ಬೆರೆತಿತ್ತು.

"ಇದಕ್ಕ ಕೊಂಡಿ ಕೂಡೂದಿಲ್ಲ," ಎಂದರು.

ಆ ಒಂದೂವರೆ ಸಾಲು ಈಗ ಈ ಲೋಕದಲ್ಲಿ ಉಳಿದಿರುವುದು ಅವರು ಮೊದಲು ತೆಗೆದ ಕಾಗದದ ಮೇಲೆ ಮಾತ್ರ. ಕಾಪಾಡಿದ್ದೂ ಅವರ ಕೈಯೇ, ಕಳೆದದ್ದೂ ಅವರ ಬಾಯೇ ಎಂದು ಕಚೇರಿಯಲ್ಲಿ ಯಾರೋ ಅಂದರು. ಅವರಿಗೆ ಕೇಳುವ ಹಾಗೆಯೇ ಅಂದರು.

ಅವರ ಹೆಸರಿಗೆ ಕಾರಣ ಕೇಳಿ ನೋಟಿಸು ಬಂತು. ಶಾಸನದ ವಿಷಯವನ್ನು ಊರವರಿಗೆ ತಿಳಿಸಿದ್ದು ಯಾಕೆ, ಅದನ್ನು ಓದಿದವರು ಯಾರು. ಎರಡನೆಯ ಪ್ರಶ್ನೆಗೆ ಉತ್ತರ ನಾನು. ನನ್ನದು ಗುತ್ತಿಗೆಯ ಕೆಲಸ, ಒಂದು ಸಾಲಿನ ಆದೇಶದಿಂದ ಮನೆಗೆ ಕಳಿಸಬಹುದಾಗಿತ್ತು. ಅವತ್ತು ನಾನು ನನ್ನ ಮೇಜಿನಲ್ಲೇ ಕೂತು, ನಾಳೆ ಸಾಹೇಬರ ಮುಂದೆ ನಿಂತು ನಾನೇ ಓದಿದೆ ಎನ್ನುತ್ತೇನೆ ಎಂದು ಮನಸ್ಸಿನಲ್ಲಿ ಸಾಲು ಜೋಡಿಸುತ್ತಿದ್ದೆ. ಮರುದಿನ ಬರುವಷ್ಟರಲ್ಲಿ ಅವರು ಉತ್ತರ ಬರೆದುಕೊಟ್ಟಾಗಿತ್ತು. ದುಂಡಗಿನ, ಶಾಲೆಯ ಹುಡುಗರ ಅಕ್ಷರ. ಸದರಿ ಶಾಸನವನ್ನು ನಾನೇ ಓದಿ ನಾನೇ ಹೇಳಿರುತ್ತೇನೆ, ತಪ್ಪು ನನ್ನದು, ಕ್ಷಮಿಸಬೇಕು.

ಏಳನೆಯ ತರಗತಿ ಓದಿದವರು ಸಾವಿರ ವರ್ಷದ ಹಿಂದಿನ ಲಿಪಿ ಓದಿದರೆಂದರೆ ಯಾರು ನಂಬುತ್ತಾರೆ? ಸಾಹೇಬರು ಅವರನ್ನು ಒಳಗೆ ಕರೆದು, ನಿಜವಾಗಿ ನೀವೇ ಓದಿದಿರಾ ಎಂದು ಕೇಳಿದ್ದು ಹೊರಗೆ ನನಗೆ ಕೇಳಿಸಿತು. ಹೌದ್ರಿ ಎಂದರು. ಸಾಹೇಬರು ಕೆಟ್ಟವರಲ್ಲ, ಕಲ್ಲು ಒಡೆದ ಸಂಕಟ ಅವರಿಗೂ ಇತ್ತು, ಮೇಲಿನವರಿಗೆ ಯಾರಾದರೊಬ್ಬರ ಹೆಸರು ಬರೆಯಬೇಕಿತ್ತು. ಒಂದು ವರ್ಷದ ವೇತನ ಬಡ್ತಿ ತಡೆಹಿಡಿದರು. ನಾನು ಒಳಗೆ ಹೋಗಲಿಲ್ಲ. ಹೋಗಬೇಕೆಂದು ಎದ್ದಿದ್ದೆ. ಬಾಗಿಲ ತನಕ ಹೋಗಿ, ನೀರು ಕುಡಿದು ಬಂದು ಕೂತೆ.

ಆಮೇಲೆ ಅವರು ನನ್ನೊಡನೆ ಮೊದಲಿನ ಹಾಗೆಯೇ ಇದ್ದರು. ಅದೇ ಬುತ್ತಿ, ಅದೇ ಬಸ್ಸು, ಇಳಕಲ್ಲಿನ ನಿಲ್ದಾಣದಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯುವಾಗ ಅದೇ ಅರ್ಧ ಅರ್ಧ ಚಹಾ. ಒಂದು ಮಾತ್ರ ನಿಂತಿತು. ಕಾಗದ ಕಿತ್ತು ಒಣಹಾಕಿದ ಮೇಲೆ ನನ್ನ ಕಡೆ ನೋಡುತ್ತಿರಲಿಲ್ಲ. ಸಾಮಾನು ತೊಳೆದು ಚೀಲಕ್ಕೆ ತುಂಬಿ, ದೂರ ಹೋಗಿ ಕೂರುತ್ತಿದ್ದರು. ಕಲ್ಲು ಏನೆನ್ನುತ್ತದೆಂದು ಅವರು ಮತ್ತೆ ಕೇಳಲಿಲ್ಲ. ನಾನಾಗಿಯೇ ಹೇಳಲು ಹೋದರೆ, ಇರಲಿ ಬಿಡ್ರಿ ಮೇಡಂ ಎನ್ನುತ್ತಿದ್ದರು. ತಂಗಿ ಎನ್ನುವುದೂ ನಿಂತಿತ್ತು.

ಹೀಗೆ ಒಂದು ವರ್ಷ ಕಳೆಯಿತು. ನನ್ನ ಗುತ್ತಿಗೆ ಮುಗಿಯಲು ಮೂರು ತಿಂಗಳಿದ್ದಾಗ ಹುನಗುಂದದ ಆಚೆಯ ಇನ್ನೊಂದು ಊರಿಗೆ ಹೋದೆವು. ಊರ ತುಂಬ ಕುರಿ ಸಾಕುವವರು. ಅವರ ದೇವರಾದ ಬೀರಪ್ಪನ ಗುಡಿಯಲ್ಲಿ, ಗದ್ದುಗೆಯ ಪಕ್ಕ ಒಂದು ಕಲ್ಲು. ತಲೆಮಾರುಗಳಿಂದ ಎಣ್ಣೆ, ಭಂಡಾರ ಬಿದ್ದು ಬಿದ್ದು ಅದರ ಮೈಯೇ ಕಾಣುತ್ತಿರಲಿಲ್ಲ. ಭಂಡಾರವೆಂದರೆ ಬೀರಪ್ಪನ ಅರಿಸಿನ ಪುಡಿ, ಅಲ್ಲಿ ಹಣೆಗೆ ಹಚ್ಚಿಕೊಳ್ಳದೆ ಯಾರೂ ಹೊರಬರುವುದಿಲ್ಲ. ಒಂದು ಅಂಚಿನಲ್ಲಿ ಮಾತ್ರ ನಾಲ್ಕು ಅಕ್ಷರ ಇಣುಕುತ್ತಿದ್ದವು. ಪೂಜಾರಿ ಎಪ್ಪತ್ತು ದಾಟಿದ ಎತ್ತರದ ಮನುಷ್ಯ, ಹೆಗಲಿಗೆ ಕಂಬಳಿ. ನಾವು ಏನು ಮಾಡುತ್ತೇವೆಂದು ವಿವರಿಸಿದೆ. ಅವರು ಮಸಿಯ ಡಬ್ಬಿಯನ್ನೇ ನೋಡುತ್ತಿದ್ದರು.

"ದೇವರ ಮಾರಿಗೆ ಮಸಿ ಬಳಿಯಾಕ ಬಂದೀರೇನು?" ಎಂದು ಕೇಳಿದರು.

ಗುಡಿಯ ಬಾಗಿಲಲ್ಲಿ ಜನ ಸೇರಿದ್ದರು. ನಮ್ಮ ಪಡಿಯಚ್ಚಿನವರು ಮುಂದೆ ಬಂದರು. ಹೊಸ್ತಿಲ ಕಲ್ಲಿನ ಮೇಲೆ ಒಂದು ಆಮೆ ಕೆತ್ತಿತ್ತು. ಅದರ ಮೇಲೆ ಅಂಗೈಯಗಲ ಕಾಗದ ಹಾಸಿ, ತಟ್ಟಿ, ಮಸಿ ಒತ್ತಿ, ಕಿತ್ತು ತೋರಿಸಿದರು. ಕಾಗದದಲ್ಲಿ ಆಮೆ ಬಂದಿತ್ತು, ಕಲ್ಲಿಗೆ ಒಂದು ಚುಕ್ಕೆಯೂ ತಾಕಿರಲಿಲ್ಲ. ಪೂಜಾರಿ ಹೊಸ್ತಿಲನ್ನು ಬೆರಳಿನಿಂದ ಉಜ್ಜಿ ನೋಡಿದರು. ಆದರೂ ಒಪ್ಪಲಿಲ್ಲ. ತಾಕದಿದ್ದರೂ ಕರಿ ಕರಿಯೇ ಎಂದರು.

ಆಗ ನಮ್ಮವರು ಮಸಿಯ ಡಬ್ಬಿಯನ್ನು ಚೀಲದೊಳಗಿಟ್ಟು ಕೈ ಮುಗಿದು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ.

"ಮಸಿ ಬ್ಯಾಡ್ರಿ ಅಜ್ಜಾರ. ನಿಮ್ಮ ಭಂಡಾರಾನ ಕೊಡ್ರಿ, ಅದರಿಂದನ ತಗೀತೇನಿ. ತೊಳಿಯಾಕ ಕಲ್ಲಿಗೆ ನಾ ಕೈ ಹಚ್ಚೂದಿಲ್ಲ. ನೀವ ದೇವರಿಗೆ ಎಣ್ಣಿನೀರ ಹಾಕಿದಂಗ ಹಾಕ್ರಿ."

ಪೂಜಾರಿ ಹಿಂದೆ ನಿಂತಿದ್ದವರನ್ನು ನೋಡಿದರು. ಒಬ್ಬ ಮುದುಕಿ, ದೇವರಿಗೂ ಜಳಕ ಆಗಿ ಎಷ್ಟು ಕಾಲವಾಯಿತೋ ಎಂದಳು. ಅದರಿಂದ ಗಂಟು ಸಡಿಲಾಯಿತು. ಬಿಸಿನೀರು ಬಂತು, ಸೀಗೆಪುಡಿ ಬಂತು. ಪೂಜಾರಿಯೇ ಕಂಬಳಿ ಬದಿಗಿಟ್ಟು ಕಲ್ಲನ್ನು ತೊಳೆದರು. ಒಂದಿಡೀ ದಿನ ಹಿಡಿಯಿತು. ಎಣ್ಣೆಯ ಪದರು ಕಳಚಿದಂತೆ ಕೆಳಗೆ ಒಬ್ಬ ಮನುಷ್ಯ, ಅವನ ಕೈಯಲ್ಲಿ ಕತ್ತಿ, ಕಾಲ ಬಳಿ ದನಗಳು, ಮೇಲೆ ಐದು ಸಾಲು. ಮರುದಿನ ನಮ್ಮವರು ಕಾಗದ ಹಾಸಿ ಬಡಿದರು. ಅರೆ ಒಣಗಿದ ಕಾಗದಕ್ಕೆ ಮಸಿಯ ಬದಲು ಅರಿಸಿನ ಒತ್ತಿದರು. ಹಳದಿ ಪಡಿಯಚ್ಚು ಅದುವರೆಗೆ ನಾನು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಅಕ್ಷರಗಳು ಸ್ವಲ್ಪ ಮಸುಕಾಗಿದ್ದವು, ಆದರೆ ಓದಬಹುದಿತ್ತು.

ಕಾಗದವನ್ನು ಕಟ್ಟೆಯ ಮೇಲೆ ಹಾಸಿ ಅವರು ಎಂದಿನಂತೆ ದೂರ ಹೋಗಿ ಕೂತರು. ಪೂಜಾರಿ ನನ್ನ ಹತ್ತಿರ ಬಂದು, ನಮ್ಮ ದೇವರು ಏನು ಹೇಳುತ್ತಾನೆಂದು ಕೇಳಿದರು. ಊರಿಗೆ ಊರೇ ನನ್ನ ಬಾಯಿ ನೋಡುತ್ತಿತ್ತು. ನಾನು ಅವರ ಕಡೆ ನೋಡಿದೆ. ಅವರು ತಲೆ ತಗ್ಗಿಸಿ ಬ್ರಷ್ಷಿನ ಕೂದಲನ್ನು ಬೆರಳಿನಿಂದ ಬಿಡಿಸುತ್ತಿದ್ದರು.

ಎರಡು ಹೆದರಿಕೆ ನನಗೆ. ಒಂದು ನಿಯಮದ್ದು. ಇನ್ನೊಂದು ಅದಕ್ಕಿಂತ ದೊಡ್ಡದು: ಆ ಕಲ್ಲಿನಲ್ಲಿ ಬೀರಪ್ಪನ ಹೆಸರೇ ಇರಲಿಲ್ಲ.

ಹೇಳಿಬಿಟ್ಟೆ. ಇದು ಮಾಚ ಎಂಬುವನ ಕಲ್ಲು. ಊರ ದನಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ ಬೆನ್ನಟ್ಟಿ ಹೋಗಿ, ದನ ಬಿಡಿಸಿ ತಂದು, ಗಾಯದಿಂದ ಸತ್ತ. ಅವನ ತಂಗಿ ಕಾಳಬ್ಬೆ ಈ ಕಲ್ಲು ನಿಲ್ಲಿಸಿದಳು. ಇಷ್ಟೇ ಇದೆ. ಬೀರಪ್ಪ ಅಂತ ಇಲ್ಲ.

ಪೂಜಾರಿ ಕಾಗದದ ಎದುರು ಕೂತು ಕೇಳಿದರು. "ಕುರಿ ಅಂತ ಐತೋ, ದನ ಅಂತ ಐತೋ?"

ದನ ಎಂದೆ. ಅವರು ಕಂಬಳಿಯನ್ನು ಹೆಗಲಿಗೆ ಏರಿಸಿಕೊಂಡರು. "ಯಾವ್ದರ ಇರಲಿ. ಕಾಯಾಕ ಹೋಗಿ ಸತ್ತಾನಲ್ಲ. ಅಂಥಾವಗ ಕೈ ಮುಗದ್ರ ಬೀರಪ್ಪ ಸಿಟ್ಟ ಮಾಡೂದಿಲ್ಲ." ಎದ್ದು ಒಳಗೆ ಹೋಗಿ, ತೊಳೆದ ಕಲ್ಲಿಗೆ ಹೊಸದಾಗಿ ಭಂಡಾರ ಹಚ್ಚಿದರು. ಈ ಸಲ ಅಕ್ಷರಗಳ ಮೇಲೆ ಬೀಳದ ಹಾಗೆ, ಕೆಳಗೆ, ದನಗಳ ಕಾಲಿಗೆ.

ಹೆಂಗಸರು ತಂಗಿಯ ಹೆಸರನ್ನು ಎರಡೆರಡು ಸಲ ನನ್ನಿಂದ ಹೇಳಿಸಿದರು. ಅವರ ಬಾಯಲ್ಲಿ ಅದು ಆಗಲೇ ಕಾಳವ್ವ ಆಗಿತ್ತು. ಆ ಗದ್ದಲದ ನಡುವೆ ನಮ್ಮವರು ಯಾವಾಗ ಎದ್ದು ಬಂದರೋ ತಿಳಿಯಲಿಲ್ಲ. ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಕೇಳಿದರು.

"ಆಕೀ ಹೆಸರು ಯಾವ ಸಾಲಿನ್ಯಾಗ ಐತಿ ತಂಗಿ?"

ನಾಲ್ಕನೆಯ ಸಾಲು ತೋರಿಸಿದೆ. ಮಸಿಯ ಬೆರಳನ್ನು ಕಾಗದಕ್ಕೆ ತಾಕಿಸದೆ, ಕೂದಲೆಳೆಯಷ್ಟು ಮೇಲೆ ಹಿಡಿದು, ಒಂದೊಂದೇ ಅಕ್ಷರದ ಮೇಲೆ ಸಾಗಿಸಿದರು. ಕಾಳಬ್ಬೆಯ ಬ್ಬೆ ಒತ್ತಕ್ಷರ ಈಗಿನ ಹಾಗೆಯೇ ಇದೆಯಲ್ಲ ಎಂದರು. ಹೌದು, ಇದೆ ಎಂದೆ.

ಅಂದಿನ ಕೆಲಸದ ದಿನಚರಿಯಲ್ಲಿ ನಾನು ಸ್ಪಷ್ಟವಾಗಿ ಬರೆದೆ: ಶಾಸನದ ಸಾರಾಂಶವನ್ನು ಗ್ರಾಮಸ್ಥರಿಗೆ ನಾನು ತಿಳಿಸಿದ್ದೇನೆ. ಸಾಹೇಬರು ಕರೆದು ಬೈದರು, ಹಳದಿ ಪಡಿಯಚ್ಚಿನ ಫೋಟೋ ಸರಿಯಾಗಿ ಬರುವುದಿಲ್ಲವೆಂದು ಇನ್ನಷ್ಟು ಬೈದರು, ಆಮೇಲೆ ಅದನ್ನು ಬಿಸಿಲಿಗೆ ಹಿಡಿದು ತುಂಬ ಹೊತ್ತು ನೋಡಿ ಕಟ್ಟಿನಲ್ಲಿ ಇಡಿಸಿದರು. ಅಷ್ಟೇ ಆದದ್ದು. ಹಿಂದಿನ ವರ್ಷ ಆ ಬಾಗಿಲು ದಾಟಿದ್ದರೂ ಬಹುಶಃ ಅಷ್ಟೇ ಆಗುತ್ತಿತ್ತೇನೋ. ಆಗುತ್ತಿರಲಿಲ್ಲವೇನೋ. ನನಗೆ ಗೊತ್ತಿಲ್ಲ.

ಗುತ್ತಿಗೆ ಮುಗಿದ ಮೇಲೆ ನಾನು ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜೊಂದಕ್ಕೆ ಪಾಠ ಹೇಳಲು ಸೇರಿ ಅಲ್ಲೇ ನೆಲೆಸಿದೆ. ಅವರು ನಿವೃತ್ತರಾಗಿ ಇಳಕಲ್ಲಿಗೆ ಮರಳಿದರು. ವರ್ಷಕ್ಕೊಂದೆರಡು ಸಲ ಫೋನು ಮಾಡುತ್ತಿದ್ದರು, ಯಾವುದೋ ಊರಲ್ಲಿ ಕಲ್ಲು ಸಿಕ್ಕಿದೆಯಂತೆ ಎನ್ನುವುದಕ್ಕೆ. ಈ ವರ್ಷ ಫೋನು ಬಂದದ್ದು ಅವರ ಮಗಳಿಂದ. ಅವರು ತೀರಿಹೋಗಿ ಆಗಲೇ ಒಂಬತ್ತು ದಿನವಾಗಿತ್ತು.

ಇಳಕಲ್ಲಿನ ಮನೆಗೆ ಹೋದಾಗ ಅವರ ಹೆಂಡತಿ ಜಗುಲಿಯಲ್ಲಿದ್ದರು. ಪಕ್ಕದ ಮನೆಗಳಿಂದ ಪವರ್‌ಲೂಮಿನ ಸದ್ದು. ನಮ್ಮ ಸರ್ವೇಕ್ಷಣೆಯ ಸಂಪುಟ ಕೊನೆಗೂ ಅಚ್ಚಾಗಿ ಬಂದಿತ್ತು, ಒಂದು ಪ್ರತಿ ಒಯ್ದಿದ್ದೆ. ಆಕೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಹಾಳೆ ತಿರುವಿದರು. ಇವರು ತೆಗೆದದ್ದು ಯಾವುದು ಎಂದು ಕೇಳಿದರು. ಒಂದೊಂದಾಗಿ ತೋರಿಸಿದೆ, ಅವೇ ಮುಕ್ಕಾಲು ಪಾಲು ಇದ್ದವು.

"ಇವರ ಹೆಸರ ಎಲ್ಲಿ ಹಾಕ್ಯಾರ್ರಿ?"

ಮುನ್ನುಡಿಯಲ್ಲಿ ನಿರ್ದೇಶಕರ ಹೆಸರಿತ್ತು, ಪಂಡಿತರದಿತ್ತು, ಕ್ಷೇತ್ರಕಾರ್ಯದಲ್ಲಿ ನೆರವಾದವರೆಂದು ಕೊನೆಯಲ್ಲಿ ನನ್ನದೂ ಇತ್ತು. ಅವರದಿರಲಿಲ್ಲ. ಇಲ್ಲ ಎಂದೆ. ಅಷ್ಟಕ್ಕೆ ನಿಲ್ಲಿಸಲಾಗಲಿಲ್ಲ. ಒಡೆದ ಕಲ್ಲಿನ ಕತೆ, ನೋಟಿಸು, ಓದಿದವಳು ನಾನು, ನಾನೇ ಓದಿದೆ ಎಂದು ಅವರು ಬರೆದುಕೊಟ್ಟಿದ್ದು, ನಾನು ಬಾಗಿಲಿಂದ ಹಿಂದಕ್ಕೆ ಬಂದದ್ದು, ಎಲ್ಲ ಹೇಳಿದೆ. ಬಡ್ತಿ ನಿಂತದ್ದು ಆಕೆಗೆ ಗೊತ್ತಿತ್ತು. ಯಾಕೆ ನಿಂತಿತೆಂದು ಗೊತ್ತಿರಲಿಲ್ಲ. ಬಯ್ಯಲಿ ಎಂದು ನಾನು ಕಾಯುತ್ತಿದ್ದೆ.

ಆಕೆ ಪುಸ್ತಕ ಮುಚ್ಚಿ, ಅದರ ಮೇಲೆ ಕೈ ಇಟ್ಟುಕೊಂಡು ಕೇಳಿದರು. "ಅವರು ಬರದು ಕೊಟ್ಟ ಆ ಕಾಗದ ಇನ್ನಾ ಐತೇನ್ರಿ?"

ಸರ್ಕಾರದ ಕಡತ, ಅದನ್ನು ಎಸೆಯುವುದಿಲ್ಲ, ಇದ್ದೇ ಇರುತ್ತದೆ ಎಂದೆ.

"ಹಂಗಾದ್ರ ಒಂದ ಕಡೆಗರ ಐತಲ್ರಿ," ಎಂದರು, "ಈ ಕಲ್ಲು ಓದಿದವ್ರು ಇವರ ಅಂತ."